ಸತ್ತೇಗಾಲದ ಆಲೆಮನೆಗೆ ಮಾಡಿದ ಚಕ್ರ

ಅರವತ್ತರ ದಶಕದ ಕೊನೆಯಲ್ಲಿ ನಾನು ಕೊಳ್ಳೇಗಾಲದ ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ಮರದ ಮಾದರಿ ಮಾಡುವ ಬಡಗಿಯಾಗಿದ್ದೆ. ನಾನು ಮಾಡಿಕೊಟ್ಟ ಮಾದರಿಯನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಯೊಳಗೆ ಕರಗಿದ ಕಬ್ಬಿಣ ಹೊಯ್ಯುವುದು ಮೇಸ್ತ್ರಿಯ ಕೆಲಸ. ತಮಿಳು ಸೀಮೆಯಿಂದ ಬಂದು ನೆಲೆಸಿದ ಹಿರಿಯರು ಅವರು. ಓದು ಬರಹ ಇರಲಿಲ್ಲ, ಮುಂಗೈ ತುಂಬ ಸುಟ್ಟ ಕಲೆ. ನಾನೋ ಮೈಸೂರಿನಲ್ಲಿ ತರಬೇತಿ ಪಡೆದು ಬಂದವನು. ನಕ್ಷೆ ಓದಬಲ್ಲೆನೆಂಬ ಜಂಬ ನನಗಿತ್ತು.

ಸತ್ತೇಗಾಲದ ಆಲೆಮನೆಯ ಯಜಮಾನರು ಕಬ್ಬಿನ ಗಾಣಕ್ಕೆ ಒಂದು ಚಕ್ರ ಬೇಕೆಂದು ಬಂದರು. ಡೀಸೆಲ್ ಇಂಜಿನ್ನಿನಿಂದ ಬೆಲ್ಟು ಹಾಯಿಸುವ, ಎದೆಮಟ್ಟದ ಚಕ್ರ. ಅಚ್ಚು ತೂರುವ ನಡುವಿನ ಗುಂಬವನ್ನು ದಪ್ಪಗೆ ಮಾಡಿ, ಅಲ್ಲಿಂದ ಅಂಚಿಗೆ ಆರು ಕಾಲುಗಳನ್ನು ತೆಳ್ಳಗೆ, ನೆಟ್ಟಗೆ ಇಳಿಸಿದೆ. ಮಾದರಿ ನೋಡಿ ಯಜಮಾನರು ಹೊಗಳಿದರು.

ಮೇಸ್ತ್ರಿ ಮಾತ್ರ ಗುಂಬಕ್ಕೆ ಕಾಲು ಸೇರುವ ಮೂಲೆಗೆ ಬೆರಳಿಟ್ಟು ತಲೆಯಾಡಿಸಿದರು.

“ಗುಂಬ ಇಷ್ಟ್ ದಪ್ಪ, ಕಾಲು ಇಷ್ಟ್ ಸಣ್ಣ. ಕಾಲು ಮೊದ್ಲು ಆರಿ ಬಿಗೀತದೆ ಕಣ್ಲಾ. ಗುಂಬ ಆಮೇಲೆ ಆರ್ತಾ ಕಾಲ್ನ ಎಳೀತದೆ. ಸೀಳ್ದೆ ಎಲ್ಲಿಗೋಗ್ಬೇಕು ಅದು? ಕಾಲ್ನ ವಸಿ ಬಗ್ಗುಸು. ಈ ಮೂಲೆಗೆ ಮೇಣ ತುಂಬಿ ದುಂಡಗೆ ಮಾಡು.”

“ಬಗ್ಗಿದ ಕಾಲು ನೋಡೋಕೆ ಚೆನ್ನಾಗಿರಲ್ಲ,” ಎಂದೆ. ಅವರು ಮರಳು ಹದ ಮಾಡಲು ಹೋದರು.

ಎರಕ ಹೊಯ್ದು, ಆರಿದ ಮೇಲೆ ಮರಳು ಉದುರಿಸಿದೆವು. ಮೇಸ್ತ್ರಿ ಒಂದೊಂದು ಕಾಲಿಗೂ ಸುತ್ತಿಗೆ ತಾಗಿಸಿದರು. ಐದು ಕಾಲುಗಳು ಗಂಟೆ ಬಾರಿಸಿದ ಹಾಗೆ ನುಡಿದವು. ಒಂದು ಒಡೆದ ಮಡಕೆಯಂತೆ ಸದ್ದು ಮಾಡಿತು. ಅದರ ಬುಡದಲ್ಲಿ, ದುಂಡಗೆ ಮಾಡದ ಆ ಮೂಲೆಯಲ್ಲಿ, ಕೂದಲೆಳೆಯಷ್ಟು ಗೆರೆ.

“ಒಡದಾಕು. ಮತ್ತೆ ಕರಗ್ಸಮ,” ಎಂದರು.

ನಾನು ಅದು ಮೇಲಿನ ಗೆರೆ, ಅಷ್ಟೇ ಎಂದೆ. ನಮ್ಮ ಮಾಲೀಕರಿಗೂ ಹಾಗೇ ಹೇಳಿದೆ. ಅರ ಹಿಡಿದು ಉಜ್ಜಿ, ಮೇಲೆ ಕಪ್ಪು ಬಣ್ಣ ಬಳಿದೆ. ಗೆರೆ ಕಾಣದಾಯಿತು. ಮರುದಿನ ಚಕ್ರವನ್ನು ಗಾಡಿಗೆ ಹೇರಿದರು. ಮೇಸ್ತ್ರಿ ಕೈ ಹಚ್ಚಲಿಲ್ಲ.

ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ಸುದ್ದಿ ಬಂತು. ಗಾಣ ತಿರುಗುತ್ತಿದ್ದಾಗ ಚಕ್ರ ಸಿಡಿದಿತ್ತು. ಅಂಗಳದಲ್ಲಿ ಕಬ್ಬಿನ ಸಿಪ್ಪೆ ಹರವುತ್ತಿದ್ದ ಹೆಂಗಸಿನ ತಲೆಗೆ ಒಂದು ತುಂಡು ಬಡಿದು, ಆಕೆ ಅಲ್ಲೇ ಪ್ರಾಣ ಬಿಟ್ಟಿದ್ದಳು. ಆಕೆಯ ಗಂಡ ಅದೇ ಆಲೆಮನೆಯಲ್ಲಿ ಕೊಪ್ಪರಿಗೆಯ ಒಲೆಗೆ ಉರಿ ಹಾಕುತ್ತಿದ್ದವನು.

ಬಸ್ಸು ಹತ್ತಿ ಹೋದೆ. ಅಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅಂಗಳದಲ್ಲಿ ತುಂಡುಗಳು ಬಿದ್ದಲ್ಲೇ ಬಿದ್ದಿದ್ದವು. ಕಾಲಿನ ತುಂಡೊಂದನ್ನು ಎತ್ತಿ ನೋಡಿದೆ. ಮುರಿದ ಬಾಯಿ ಅರ್ಧ ಬೆಳ್ಳಗೆ ಹೊಳೆಯುತ್ತಿತ್ತು, ಇನ್ನರ್ಧ ತುಕ್ಕು ಹಿಡಿದು ಕಂದು. ಆ ಕಂದು ಭಾಗ ಮೊದಲೇ ಸೀಳಿತ್ತು. ನಾನು ಉಜ್ಜಿದ್ದು ಮೇಲಿನ ಗೆರೆಯನ್ನಲ್ಲ, ಒಳಗಿನವರೆಗೆ ಹೋಗಿದ್ದ ಬಿರುಕಿನ ಬಾಯನ್ನು.

ಊರಿನವರು ಗ್ರಾಚಾರ ಎನ್ನುತ್ತಿದ್ದರು. ನಾನು ಸುಮ್ಮನಿದ್ದಿದ್ದರೆ ಅದೇ ಮಾತು ಉಳಿಯುತ್ತಿತ್ತು. ಆದರೆ ಆಕೆಯ ಮನೆಗೆ ಹೋದಾಗ, ಜಗಲಿಯ ಮೇಲೆ ಕೂತಿದ್ದ ಗಂಡ ಚಕ್ರ ಮಾಡಿದವನು ನಾನೆಂದು ತಿಳಿದು ನನ್ನನ್ನೇ ಕೇಳಿದ.

“ಕಬ್ಬಿಣ ಅಲ್ವಾ ಸಾ? ಯಾಕೊಡೀತು?”

ಹೇಳಿದೆ. ಗುಂಬ, ಕಾಲು, ಮೂಲೆ, ಮೇಸ್ತ್ರಿಯ ಮಾತು, ಅರ, ಬಣ್ಣ, ಯಾವುದನ್ನೂ ಬಿಡಲಿಲ್ಲ. ಅವನು ನೆಲ ನೋಡುತ್ತ ಕೇಳಿಸಿಕೊಂಡ.

“ಅಂಗಾರೆ ನಿಮ್ಗೆ ಗೊತ್ತಿತ್ತು.”

“ಗೊತ್ತಿತ್ತು,” ಎಂದೆ.

ಅವನು ಹೊಡೆಯುತ್ತಾನೆಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಎದ್ದು ಒಳಗೆ ಹೋಗಿ ಕದ ಹಾಕಿಕೊಂಡ.

ಪೊಲೀಸಿನವರಿಗೂ ಹೇಳಿದೆ. ಅವರು ಆಕಸ್ಮಿಕವೆಂದು ಬರೆದುಕೊಂಡರು. ನಮ್ಮ ಮಾಲೀಕರು, “ನಿಂಗ್ಯಾಕ್ ಬೇಕಿತ್ತು ಇದೆಲ್ಲ?” ಎಂದರು, ಕೆಲಸದಿಂದ ತೆಗೆಯಲಿಲ್ಲ. ಮಾದರಿ ಮಾಡುವವರು ಊರಲ್ಲಿ ಬೇರೆ ಇರಲಿಲ್ಲ.

ಆಲೆಮನೆಗೆ ಬೇರೆ ಚಕ್ರವನ್ನೂ ನಾನೇ ಮಾಡಿದೆ. ಗುಂಬ ತೆಳುವಾಯಿತು, ಕಾಲುಗಳು ಬಾಗಿದವು, ಮೂಲೆ ಮೂಲೆಗೂ ಬೆರಳಲ್ಲಿ ಮೇಣ ಒತ್ತಿದೆ. ಮೇಸ್ತ್ರಿ ಅದನ್ನು ಎರಡು ದಿನ ಮರಳಿನಲ್ಲೇ ಬಿಟ್ಟು ನಿಧಾನವಾಗಿ ಆರಿಸಿದರು. ಕೆಲಸದ ಮಾತು ಬಿಟ್ಟರೆ ನನ್ನೊಡನೆ ಬೇರೇನೂ ಆಡಲಿಲ್ಲ.

ಚಕ್ರದ ಜೊತೆ ನಾನೇ ಗಾಡಿಯಲ್ಲಿ ಸತ್ತೇಗಾಲಕ್ಕೆ ಹೋದೆ. ಇಳಿಸಲು ಬಂದ ನಾಲ್ವರಲ್ಲಿ ಆಕೆಯ ಗಂಡನೂ ಇದ್ದ. ನನ್ನ ಎದುರಿನ ಅಂಚನ್ನೇ ಹಿಡಿದ. ಉಳಿದವರ ಜೊತೆ ನಾವಿಬ್ಬರೂ ಭಾರ ಹೊತ್ತು ಗಾಣದವರೆಗೆ ನಡೆದೆವು. ಅವನು ಒಮ್ಮೆಯೂ ನನ್ನ ಮುಖ ನೋಡಲಿಲ್ಲ.