ವತ್ಸಲಾ ಅವರ ಬಿಪಿ ಪುಸ್ತಕ

ಸಿಂಗಪುರದ ಉಬಿಯ ಒಂದು ಕಾರ್ಖಾನೆಯಲ್ಲಿ ತಯಾರಾಗುವ ಬಿಪಿ ಯಂತ್ರಕ್ಕೆ ಮೊದಲು ತೋಳು ಕೊಡುವವರು ವತ್ಸಲಾ. ಮದುವೆಯಾಗಿ ಹಾಸನದಿಂದ ಸಿಂಗಪುರಕ್ಕೆ ಬಂದವರು, ಹತ್ತೊಂಬತ್ತು ವರ್ಷದಿಂದ ಅಲ್ಲಿ ಗುಣಮಟ್ಟ ಪರೀಕ್ಷಕಿ. ಬೆಳಿಗ್ಗೆ ಏಳೂವರೆಗೆ ಹಿಂದಿನ ದಿನದ ಸರಕಿನಿಂದ ಒಂದು ಯಂತ್ರ ತೆಗೆದು, ಎಡತೋಳಿಗೆ ಪಟ್ಟಿ ಸುತ್ತಿ, ಮೂರು ಸಲ ನೋಡಿಕೊಂಡು, ಅಂಕಿಯನ್ನು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದಿಡುವರು. ಹಾಗೆ ಮಾಡಿ ಎಂದು ಕಂಪನಿ ಹೇಳಿರಲಿಲ್ಲ. "ನಾನೇ ನಂಬ್ದೇ ಇರೋ ಮೆಷೀನ್‌ನ ಇನ್ನೊಬ್ರಿಗೆ ಹೇಗೆ ಕಟ್ಟೋದು?" ಎನ್ನುವರು.

ಮಾರ್ಚ್‌ನಲ್ಲಿ ಅಂಕಿ ಕುಣಿಯತೊಡಗಿತು. ಒಮ್ಮೆ ೧೧೨, ಎರಡೇ ನಿಮಿಷಕ್ಕೆ ೧೫೧. ಹೆದರಿ ಪಾಲಿಕ್ಲಿನಿಕ್‌ಗೆ ಓಡಿದರೆ ನರ್ಸ್ ೧೨೬ ಎಂದಳು. ವತ್ಸಲಾ ಒಪ್ಪಬೇಕಲ್ಲ! ಹೆತ್ತವರಿಗೆ ಹೆಗ್ಗಣ ಮುದ್ದು. ಕಂಪನಿ ನಿಯಮದ ಒಂದು ಸಲದ ಪರೀಕ್ಷೆಯಲ್ಲಿ ಯಂತ್ರ ಪಾಸಾಗುತ್ತಿತ್ತು. ಕೆಟ್ಟಿರುವುದು ತಮ್ಮ ಮೈಯೇ ಎಂದುಕೊಂಡು ಉಪ್ಪಿನಕಾಯಿ ಬಿಟ್ಟರು. ಸರಕಿಗೆ ಮಾತ್ರ ಮುದ್ರೆ ಒತ್ತುತ್ತಲೇ ಹೋದರು.

ಜುಲೈ ಹೊತ್ತಿಗೆ ದೂರುಗಳು ರಾಶಿ ಬಿದ್ದವು. ಪಾಯಾ ಲೆಬಾರ್‌ನ ಮುಖ್ಯ ಆಫೀಸಿನಿಂದ ಮ್ಯಾನೇಜರ್ ವಿಶ್ವಜಿತ್ ಬಂದ, ಅವನೂ ಕನ್ನಡದವನೇ. ತಪ್ಪೆಲ್ಲ ಯಂತ್ರ ಜೋಡಿಸುವ ಎಂಟು ಹೆಂಗಸರದು, ಯೂನಿಯನ್ ಬೆನ್ನಿಗಿದೆ ಎಂದು ಕೆಲಸದಲ್ಲಿ ಸಡಿಲವಾಗಿದ್ದಾರೆ, ಎಂಟೂ ಜನರನ್ನು ತೆಗೆಯುತ್ತೇವೆ ಎಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅದೇ ಕೈಗಳು ಹನ್ನೆರಡು ವರ್ಷ ಒಂದೂ ದೂರಿಲ್ಲದೆ ಜೋಡಿಸಿದ್ದು ಅವನಿಗೆ ನೆನಪಾಗಲಿಲ್ಲ.

ಯೂನಿಯನ್ ಕಾರ್ಯದರ್ಶಿ ಅಂಗಾರ ಉಡುಪಿ ಕಡೆಯವನು, ಅದೇ ಕಾರ್ಖಾನೆಯಲ್ಲಿ ಟೆಕ್ನೀಷಿಯನ್. "ಅಕ್ಕ, ಮಾರ್ಚಲ್ಲಿ ಗಾಳಿ ಟ್ಯೂಬ್ ಚೇಂಜ್ ಮಾಡಿದ್ರಲ್ಲ, ಚೀಪ್ ಟ್ಯೂಬ್. ಆರ್ಡರ್ ಮೇಲಿಂದಲೇ ಬಂದದ್ದು. ಆದ್ರೆ ಪ್ರೂವ್ ಮಾಡೋದು ಹೇಗೆ?"

ಮಾರ್ಚ್ ಎಂದೊಡನೆ ವತ್ಸಲಾ ನೀಲಿ ಪುಸ್ತಕ ತೆರೆದು ಅಂಕಿ ಕುಣಿಯತೊಡಗಿದ ದಿನ ಹುಡುಕಿದರು. ಬೀರುವಿನಿಂದ ಫೆಬ್ರವರಿಯ ಯಂತ್ರ ತೆಗೆದು ಕಟ್ಟಿಕೊಂಡರು: ೧೨೭, ೧೨೬, ೧೨೮. ಹೊಸದರಲ್ಲಿ ಅದೇ ಕುಣಿತ. ಅಂಗಾರ ಹೊಸದಕ್ಕೆ ಹಳೆಯ ಟ್ಯೂಬ್ ಹಾಕಿಕೊಟ್ಟ. ೧೨೭. ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು.

ಅಂಗಾರ ನೀಲಿ ಪುಸ್ತಕ ತಿರುವಿ ಹಾಕಿ ಮೆಲ್ಲಗೆ ಹೇಳಿದ: "ಇದು ತೋರಿಸಿದ್ರೆ ಮೊದಲು ನಿಮ್ಮ ತಲೆಗೇ ಬರ್ತದೆ ಅಕ್ಕ. ನಾಲ್ಕು ತಿಂಗಳು ನೋಡಿಯೂ ಪಾಸ್ ಮಾಡಿದ್ರು ಅಂತಾರೆ."

"ಮಾಡಿದ್ದೀನಲ್ಲ," ಎಂದರು ವತ್ಸಲಾ.

ಮರುದಿನದ ಸಭೆಯಲ್ಲಿ ಒಂದು ಕಡೆ ಯೂನಿಯನ್, ಇನ್ನೊಂದು ಕಡೆ ಕಂಪನಿಯವರು, ನಡುವೆ ಎಂಟು ಹೆಸರಿನ ಪಟ್ಟಿ. ವತ್ಸಲಾ ಕಂಪನಿಯವರ ಸಾಲಿನಿಂದ ಎದ್ದು ಎರಡು ಯಂತ್ರಗಳನ್ನೂ ನೀಲಿ ಪುಸ್ತಕವನ್ನೂ ಮೇಜಿನ ಮೇಲಿಟ್ಟು, ಮಾರ್ಚ್‌ನ ಪುಟ ತೆರೆದರು. ಯಾವ ದಿನ ಟ್ಯೂಬ್ ಬದಲಾಯಿತು, ಯಾವ ದಿನದಿಂದ ಅಂಕಿ ಕುಣಿಯಿತು ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಓದಿದರು.

ವಿಶ್ವಜಿತ್ ಅವರತ್ತ ಬಾಗಿ ಕನ್ನಡದಲ್ಲಿ ಪಿಸುಗುಟ್ಟಿದ: "ಆಂಟಿ, ಇದು ರೆಕಾರ್ಡ್ ಆದ್ರೆ ಫಸ್ಟ್ ನಿಮ್ಮ ಜಾಬ್ ಹೋಗುತ್ತೆ. ಬುಕ್ ಎತ್ಕೊಂಡ್ಬಿಡಿ. ನಾನು ನೋಡೇ ಇಲ್ಲ ಅನ್ಕೊಳ್ತೀನಿ."

"ನಿಮ್ಮ ಟ್ಯೂಬ್ ನಂಬಿ ನಾಲ್ಕು ತಿಂಗ್ಳು ಉಪ್ಪಿನಕಾಯಿ ಬಿಟ್ಟೆ ಕಣಪ್ಪಾ. ಇದನ್ನ ನಂಬಿ ಇನ್ಯಾರ್ಯಾರು ಏನೇನು ಬಿಟ್ರೋ, ಏನೇನು ಮಾತ್ರೆ ನುಂಗಿದ್ರೋ!"

ಅವರು ಪಟ್ಟಿಯನ್ನು ಎಳೆದುಕೊಂಡು ಎಂಟೂ ಹೆಸರಿನ ಮೇಲೆ ಗೀಟು ಹಾಕಿದರು. ಕೆಳಗೆ ತಮ್ಮ ಹೆಸರನ್ನು ದುಂಡಗೆ ಬರೆದು ಸಹಿ ಹಾಕಿದರು. ಪೆನ್ನನ್ನು ವಿಶ್ವಜಿತ್‌ನ ಮುಂದಿಟ್ಟರು.

"ಮೊದಲನೇ ಹೆಸ್ರು ನಂದು. ಎರಡನೇದು ಟ್ಯೂಬ್ ಆರ್ಡರ್‌ಗೆ ಸೈನ್ ಮಾಡಿದವರದ್ದು. ನೀವೇ ಬರೀರಿ."