ಪೊರೆ ಬಿಡದ ಮರಿ

ಮೊದಲು ಅದರ ಕಣ್ಣು ಮಂಜಾಯಿತು.

ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿ ಗಾಜಿನ ಪೆಟ್ಟಿಗೆಯತ್ತ ಒಮ್ಮೆ ಕಣ್ಣು ಹಾಯಿಸಿದೆ. ಹಾವಿನ ಮರಿಯ ಎರಡೂ ಕಣ್ಣುಗಳ ಮೇಲೆ ಹಾಲುನೀಲಿ ಪರದೆ ಇಳಿದಿತ್ತು. ಕಿತ್ತಳೆ ಮೈಯ ಹೊಳಪು ಮಾಸಿತ್ತು. ಕುರುಡಾಯಿತು ಎಂದೇ ತಿಳಿದೆ. ಗಂಡ ಹರೀಶ್ ಸಮುದ್ರದ ನಡುವಿನ ತೈಲ ರಿಗ್‌ನಲ್ಲಿದ್ದರು. ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಮನೆಯಲ್ಲಿ, ಅದು ಅವರ ಲೆಕ್ಕ. ಅಲ್ಲಿಂದ ಅವರೇ ಫೋನ್ ಮಾಡಬೇಕು, ನಾನು ಮಾಡಿದರೆ ಸಿಗುವುದಿಲ್ಲ. ಹೊರಡುವಾಗ ಅವರು ಹೇಳಿದ್ದು ಆಮೇಲೆ ನೆನಪಾಯಿತು, ಅದೂ ಇಷ್ಟೇ: ಪೊರೆ ಬಿಡುವ ಸಮಯ, ಕಣ್ಣು ಮಂಜಾಗುತ್ತದೆ, ಏನೂ ತಿನ್ನುವುದಿಲ್ಲ, ನೀರು ಬದಲಾಯಿಸಿದರೆ ಸಾಕು. ತುಳಸಿಗೆ ನೀರು ಹಾಕು ಎಂದಷ್ಟು ಸಲೀಸಾಗಿ ಹೇಳಿ ಹೋದರು.

ನಾವು ಉಡುಪಿ ಕಡೆಯವರು. ಹಾವನ್ನು ಸಾಕುವ ಜಾತಿಯಲ್ಲ, ಕೈ ಮುಗಿಯುವ ಜಾತಿ. ಮದುವೆಯಾಗಿ ಬಹಳ ವರ್ಷವಾದರೂ ನಮಗೆ ಮಕ್ಕಳಾಗಲಿಲ್ಲ. ಟೆಸ್ಟ್‌ಗಳೆಲ್ಲ ನಾರ್ಮಲ್. ಡಾಕ್ಟರಿಗೆ ಕಾರಣ ಸಿಗದಿದ್ದರೆ ಊರಿನ ಜ್ಯೋತಿಷಿಗಳಿಗೆ ಸಿಗುತ್ತದೆ: ನಾಗದೋಷ. ಕುಟುಂಬದಲ್ಲಿ ಯಾರೋ ಯಾವಾಗಲೋ ನಾಗನಿಗೆ ತೊಂದರೆ ಮಾಡಿದ್ದಾರಂತೆ. ರಜೆಗೆ ಹೋದಾಗಲೆಲ್ಲ ಆಶ್ಲೇಷಾ ಬಲಿಯೋ ಇನ್ನೊಂದೋ ಮಾಡಿಸಿ ಬಂದೆವು. ಕಳೆದ ಸಲ ಇನ್ನೊಬ್ಬ ಜ್ಯೋತಿಷಿಯೂ ಅದನ್ನೇ ಹೇಳಿದಾಗ ಹರೀಶರ ತಲೆ ಕೆಟ್ಟಿತು. ನಾವಿರುವ ಅಬುಧಾಬಿಗೆ ಮರಳಿದವರೇ, ಕೆಲಸ ಬಿಟ್ಟು ಹೊರಟಿದ್ದ ಸಹೋದ್ಯೋಗಿಯೊಬ್ಬನಿಂದ ಈ ಮರಿಯನ್ನು ತಂದು ಹಾಲ್‌ನಲ್ಲಿ ಇಟ್ಟರು. ವಿಷವಿಲ್ಲದ ಕಾರ್ನ್ ಸ್ನೇಕ್, ಬೆರಳು ದಪ್ಪ.

“ದೋಷ ಅಂತಾರಲ್ಲ, ಅದು ನಮ್ಮೆದುರೇ ಇರ್ಲಿ” ಎಂದರು.

ನಾನು ಅದಕ್ಕೆ ಹೆಸರಿಡಲಿಲ್ಲ. ಮುಟ್ಟಲಿಲ್ಲ. ಊರಲ್ಲಿ ಯಾರಿಗೂ ಹೇಳಲಿಲ್ಲ. ನಾಗದೋಷವನ್ನೆಲ್ಲ ನಂಬುವವಳು ನಾನಲ್ಲ ಎಂದು ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದವಳು ಆ ಮಂಜುಗಣ್ಣು ನೋಡಿದ್ದೇ ಚಪ್ಪಲಿ ಕಳಚಿ ಪೆಟ್ಟಿಗೆಯ ಮುಂದೆ ನಿಂತೆ. ನಮ್ಮಲ್ಲಿ ನಾಗ ಸತ್ತರೆ ಮನುಷ್ಯರಿಗೆ ಮಾಡುವ ಹಾಗೆ ಸಂಸ್ಕಾರ ಮಾಡುತ್ತಾರೆ. ಇದು ನನ್ನ ಕೈಯಲ್ಲೇ ಸತ್ತರೆ? ಅಮ್ಮನಿಗೆ ಏನು ಹೇಳಲಿ? ಅದಕ್ಕಿಂತ ಹೆಚ್ಚಾಗಿ, ನನಗೆ ನಾನು ಏನು ಹೇಳಿಕೊಳ್ಳಲಿ?

ಕಣ್ಣೇನೋ ಮತ್ತೆ ತಿಳಿಯಾಯಿತು. ಆದರೆ ಪೊರೆ ಒಂದೇ ಸಲಕ್ಕೆ ಬರಲಿಲ್ಲ. ಹರಿದು ಹರಿದು ಚೂರಾಯಿತು. ಅಬುಧಾಬಿಯ ಖಲೀಫಾ ಸಿಟಿಯಲ್ಲಿ ನಾವಿರುವುದು ಭಾಗ ಮಾಡಿ ಬಾಡಿಗೆಗೆ ಕೊಟ್ಟ ವಿಲ್ಲಾ. ಎಸಿ ಎಲ್ಲರಿಗೂ ಒಂದೇ, ಆರಿಸುವ ಹಾಗಿಲ್ಲ. ಒಳಗಿನ ಗಾಳಿಗೆ ಹಪ್ಪಳ ಒಣಗಿಸಬಹುದು. ಬೆನ್ನಿನ ಮೇಲೆ ತೇಪೆ, ಒಂದು ಕಣ್ಣಿನ ಮೇಲೆ ಹಳೆಯ ಪೊರೆ, ಬಾಲದ ತುದಿಯಲ್ಲಿ ಬಿಗಿಯಾದ ಬಳೆಯಂತೆ ಒಂದು ಸುತ್ತು ಉಳಿಯಿತು. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪೆಟ್ಟಿಗೆಯ ಮುಂದೆ ನಿಲ್ಲುವುದು, ಅಡುಗೆಮನೆಗೆ ಹೋಗುವುದು, ಯಾಕೆ ಬಂದೆನೆಂದು ಮರೆತು ಮತ್ತೆ ಪೆಟ್ಟಿಗೆಯ ಮುಂದೆ. ನಾನಿರುವುದು ಆಸ್ಪತ್ರೆಯೊಂದರ ಇನ್ಶೂರೆನ್ಸ್ ಕೌಂಟರ್‌ನಲ್ಲಿ. ಅಲ್ಲಿ ಒಬ್ಬರ ಅಪ್ರೂವಲ್ ಇನ್ನೊಬ್ಬರಿಗೆ ಕೊಟ್ಟು ಬೈಸಿಕೊಂಡೆ.

ಕೊನೆಗೆ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಬೈಗುಳಕ್ಕೆ ತಯಾರಾಗಿದ್ದೆ. ಅಮ್ಮ ಬೈಯಲಿಲ್ಲ.

“ಸ್ವಲ್ಪ ಅರಸಿನ ನೀರಲ್ಲಿ ಕಲಸಿ ಹಚ್ಚು ಮಗಾ. ನಾಗನಿಗೆ ಅದಕ್ಕಿಂತ ದೊಡ್ಡ ಮದ್ದು ಎಂತದುಂಟು?”

ಅಂದು ಮೊದಲ ಬಾರಿ ಅದನ್ನು ಕೈಗೆತ್ತಿಕೊಂಡೆ. ಮೆತ್ತಗಿತ್ತು, ನಾನು ಹೆದರಿದಷ್ಟು ತಣ್ಣಗಿರಲಿಲ್ಲ. ನಾಗಬನದ ಕಲ್ಲಿಗೆ ಹಚ್ಚುವಂತೆ ತಲೆಯಿಂದ ಬಾಲದವರೆಗೆ ಭಕ್ತಿಯಿಂದ ಅರಸಿನ ಹಚ್ಚಿದೆ. ಕಲ್ಲಿಗೆ ಪೊರೆಯಿಲ್ಲ ಎಂಬುದು ತಲೆಗೆ ಹೊಳೆಯಲಿಲ್ಲ. ಅರಸಿನ ಒಣಗಿ ಬಿರಿಯಿತು. ಹಳೆಯ ಪೊರೆ ಗೋಂದು ಹಾಕಿದಂತೆ ಅಂಟಿತು.

ಮರುದಿನ ಬಾಲದ ತುದಿ ಕಪ್ಪಾಗಿತ್ತು.

ರಜೆ ಹಾಕಿ, ಪೆಟ್ಟಿಗೆಗೆ ಸೀಟ್‌ಬೆಲ್ಟ್ ಬಿಗಿದು, ಹಾವಿಗೂ ಚಿಕಿತ್ಸೆ ಮಾಡುವ ದುಬೈನ ಒಂದು ಕ್ಲಿನಿಕ್‌ಗೆ ಕಾರು ಓಡಿಸಿದೆ. ರಿಸೆಪ್ಷನ್‌ನ ಫಿಲಿಪಿನೋ ಹುಡುಗಿ ನಗುತ್ತ ಕರೆದಳು.

“ಮಮ್ಮಿ, ಯು ಕ್ಯಾನ್ ಗೋ ಇನ್.”

ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಇಂಥ ಕ್ಲಿನಿಕ್‌ಗಳಲ್ಲಿ ಪ್ರಾಣಿ ತಂದವರನ್ನೆಲ್ಲ ಹಾಗೇ ಕರೆಯುತ್ತಾರೆಂದು ಆಮೇಲೆ ತಿಳಿಯಿತು. ಆ ಹೊತ್ತಿಗೆ ಮಾತ್ರ ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಡಾಕ್ಟರ್ ಲೆಬನಾನಿನ ಹೆಂಗಸು. ಹಳದಿ ಹಾವನ್ನು ನೋಡಿ, ಇದು ಅಡುಗೆಯ ಅರಸಿನವೇ ಎಂದು ಕೇಳಿದರು. ಹೌದೆಂದೆ. ನಗಲಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಒದ್ದೆ ಟವೆಲ್ಲಿನೊಳಗೆ ಅದೇ ನುಸುಳಿ ಹೋಗುವಂತೆ ಬಿಟ್ಟರು. ಮೈಯ ತೇಪೆಗಳು ಬಿಟ್ಟವು. ಬಾಲದ ಸುತ್ತನ್ನು ಚಿಮಟದಿಂದ ಬಿಡಿಸಿದರು. ಕಣ್ಣನ್ನು ಮುಟ್ಟಲಿಲ್ಲ, ಎಳೆದರೆ ಕಣ್ಣೇ ಹೋಗಬಹುದಂತೆ, ಮುಂದಿನ ಪೊರೆಯ ಜೊತೆ ಬರಲಿ ಎಂದರು. ಬಾಲಕ್ಕೆ ರಕ್ತ ಮರಳದಿದ್ದರೆ ತುದಿ ಕತ್ತರಿಸಬೇಕು. ಅಲ್ಲಿಯವರೆಗೆ ಪೆಟ್ಟಿಗೆಯಲ್ಲಿ ಒದ್ದೆ ಪಾಚಿ ಇಡಿ, ತೇವ ಆರದಂತೆ ನೋಡಿಕೊಳ್ಳಿ, ಉಳಿದದ್ದನ್ನು ಅದೇ ಮಾಡಿಕೊಳ್ಳುತ್ತದೆ ಎಂದರು.

ನಾನು ಇನ್ನೇನು ಮಾಡಬೇಕು ಎಂದು ಕೇಳಿದೆ. ಏನೂ ಇಲ್ಲ ಎಂದರು.

ನನಗೆ ಇದಕ್ಕಿಂತ ಕಷ್ಟದ ಚಿಕಿತ್ಸೆ ಬೇರೆಯಿಲ್ಲ. ಇಷ್ಟು ವರ್ಷ ಯಾರು ಏನು ಹೇಳಿದರೂ ಮಾಡಿದವಳು ನಾನು: ಮಾತ್ರೆ, ಇಂಜೆಕ್ಷನ್, ಉಪವಾಸ, ಬಲಿ. ಒಂದು ಆಗದಿದ್ದರೆ ಇನ್ನೊಂದು, ಎರಡೂ ಆಗದಿದ್ದರೆ ತಪ್ಪು ನನ್ನದೇ ಇರಬೇಕೆಂಬ ಗುಮಾನಿ. ಗಾಳಿ ಒಣಗಿದ್ದರೆ ಪೊರೆ ಬಿಡುವುದಿಲ್ಲ, ಅದರಲ್ಲಿ ಯಾರ ದೋಷವೂ ಇಲ್ಲದಿರಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ. ಪಾಚಿಗೆ ನೀರು ಚಿಮುಕಿಸಿ ದೂರ ಬಂದು ಕೂರುತ್ತಿದ್ದೆ. ಮತ್ತೆ ಏಳುತ್ತಿದ್ದೆ. ಬೈದುಕೊಂಡು ಕೂರುತ್ತಿದ್ದೆ.

ಬಾಲದ ಬಣ್ಣ ಮೆಲ್ಲಗೆ ಮರಳಿತು. ತೀರಾ ತುದಿಯಷ್ಟೇ ಒಣಗಿ ಉದುರಿತು. ಹರೀಶ್ ಮನೆಯಲ್ಲಿದ್ದಾಗ ಮುಂದಿನ ಪೊರೆ ಬಂತು, ಮೂತಿಯಿಂದ ಬಾಲದವರೆಗೆ ಅಖಂಡ, ಕಾಲುಚೀಲ ಮಗುಚಿದ ಹಾಗೆ. ಕಣ್ಣಿನ ಹಳೆಯ ಪೊರೆಯೂ ಜೊತೆಗೇ ಬಂದಿತ್ತು. ಮುಂದಿನ ಸಲ ಹೇಗೋ ಗೊತ್ತಿಲ್ಲ. ಈ ಸಲ ಮರಿ ಉಳಿಯಿತು.

ಮೊನ್ನೆ ಅಮ್ಮ ಫೋನ್ ಮಾಡಿದಳು. ಹೊಸ ಜ್ಯೋತಿಷಿ ಸಿಕ್ಕಿದ್ದಾರಂತೆ, ಬರುವ ರಜೆಯಲ್ಲಿ ನಾಗಪ್ರತಿಷ್ಠೆ ಮಾಡಿಸಬೇಕಂತೆ.

“ಬೇಡಮ್ಮ. ನನ್ನ ಕೈಯಲ್ಲಿ ಒಂದು ನಾಗ ಸಾಯದೆ ಉಳೀತು. ನನಗೆ ಅಷ್ಟು ಸಾಕು.”

ಫೋನಿನಾಚೆ ಅಮ್ಮ ಕುರ್ಚಿ ಎಳೆದು ಕೂತ ಸದ್ದು ಕೇಳಿಸಿತು.

“ಅದು ಈಗ ತಿಂತದಾ?” ಎಂದಳು.

ತಿನ್ನುತ್ತದೆ ಎಂದೆ.

“ನೀನು ತಿಂದಿಯಾ ಮಗಾ?”