ಎಪ್ಪತ್ತಾರನೇ ಅಂಗಿಯ ಹಿಡಿತ

ಮಿಲೋ ಕುಚೇರ ಬಾಗಿಲಲ್ಲಿ ನಿಂತರೆ ಒಳಗಿದ್ದವರು ಹಗಲಲ್ಲೇ ದೀಪ ಹಾಕಬೇಕಾಗುತ್ತಿತ್ತು. ನೆಬ್ರಾಸ್ಕದ ಮೆಕ್ಕೆಜೋಳದ ಸೀಮೆಯಲ್ಲಿ, ದನ ಸಾಕುವ ಮನೆಯಲ್ಲಿ ಹುಟ್ಟಿದ ಆಳು. ಮೀಸೆ ಮೂಡುವ ಮುಂಚೆಯೇ ಅಪ್ಪನಿಗಿಂತ ಗೇಣುದ್ದ ಬೆಳೆದಿದ್ದ. ಒಂದು ದಿನ ಬೇಲಿ ಕಿತ್ತು ನುಗ್ಗಿದ ಹೋರಿಗರುವಿನ ಮುಂದೆ ಓಡದೆ ಮಂಡಿ ಬಗ್ಗಿಸಿ, ಅಂಗೈಗಳನ್ನು ಅದರ ಎದೆಗೊಡ್ಡಿ, ಹಿಂದೆ ಹಿಂದೆ ಸರಿಯುತ್ತಲೇ ಅದನ್ನು ಸುಸ್ತು ಮಾಡಿದ. ನೋಡುತ್ತಿದ್ದ ಅಪ್ಪ, "ಹೋರಿನ ನಿಲ್ಸೋಕೆ ಯಾರಪ್ಪನಿಂದಲೂ ಆಗಲ್ಲ ಕಣೋ. ತಡ ಮಾಡ್ಸಬಹುದು, ಅಷ್ಟೇ," ಅಂದ.

ಆ ತಡ ಮಾಡಿಸುವ ಕೆಲಸವೇ ಮಿಲೋನ ಅನ್ನವಾಯಿತು. ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲೇ ಹಿಡಿದು ಎಸೆಯುತ್ತಾರೆ; ಎಸೆಯುವವನ ಮುಂದೆ ಐದು ಜನ ಗೋಡೆಯಂತೆ ನಿಲ್ಲುತ್ತಾರೆ. ಅವರು ಚೆಂಡು ಮುಟ್ಟುವುದಿಲ್ಲ, ಅಂಕ ಗಳಿಸುವುದಿಲ್ಲ. ಮೂರು ಉಸಿರಿನಷ್ಟು ಹೊತ್ತು ಎದುರಾಳಿಗಳನ್ನು ತಡೆದರೆ ಎಸೆಯುವವನು ದೊರೆ; ತಡೆಯದಿದ್ದರೆ ಅವನು ಮಣ್ಣುಪಾಲು. ಮಿಲೋ ಆ ಗೋಡೆಯ ಎಡತುದಿ. ಬಲಗೈಲಿ ಎಸೆಯುವವನು ಬಲಕ್ಕೆ ತಿರುಗಿದಾಗ ಅವನ ಬೆನ್ನು ಬೀಳುವುದು ಆ ಕಡೆಗೇ. ಕಾಣದ ಕಡೆಯಿಂದ ಬರುವ ಏಟಿಗೆ ಮಿಲೋನೇ ಕಣ್ಣು.

ಕಾಲೇಜು ಮುಗಿಸಿದ ವರ್ಷ ಅವನನ್ನು ಯಾವ ತಂಡವೂ ಆರಿಸಲಿಲ್ಲ. ಸರೋವರದ ದಡದ ಒಂದು ಕೈಗಾರಿಕಾ ಪಟ್ಟಣದ ತಂಡ, ಅಭ್ಯಾಸಕ್ಕೆ ಮೈ ಬೇಕಲ್ಲ ಅಂತ ಕರೆಸಿಕೊಂಡಿತು. ಹಾಗೆ ಹೋದವನು ಹದಿಮೂರು ವರ್ಷ ಅಲ್ಲೇ ಬೇರುಬಿಟ್ಟ. ಬೆರಳುಗಳು ಹಳೇ ಶುಂಠಿಯ ಹಾಗೆ ಸೊಟ್ಟಗಾದವು. ತೂಕ ಇಳಿಯಬಾರದೆಂದು ಹಸಿವಿಲ್ಲದಾಗಲೂ ಉಂಡ. ಹೆಂಡತಿ ಆರ್ಲೀನ್, "ನಿಮ್ಮಮ್ಮ ನಿನ್ನ ಹೆತ್ತಳೋ, ಕಟ್ಟಿಸಿದಳೋ?" ಅಂತ ರೇಗಿಸುತ್ತ ಬಾತುಕೋಳಿ ಹುರಿದು ಬಡಿಸುತ್ತಿದ್ದಳು.

ಗೋಡೆಯವರ ಹೆಸರು ಮೈದಾನದಲ್ಲಿ ಕೇಳಿಬರುವುದು ತಪ್ಪು ಮಾಡಿದಾಗ ಮಾತ್ರ. ತಪ್ಪಿಸಿಕೊಂಡು ಹೋಗುವವನ ಅಂಗಿ ಹಿಡಿದೆಳೆದರೆ ತೀರ್ಪುಗಾರ ಹಳದಿ ಬಟ್ಟೆ ಎಸೆದು, ಅಂಗಿಯ ಸಂಖ್ಯೆ ಕೂಗಿ, ತಂಡವನ್ನು ಹತ್ತು ಗಜ ಹಿಂದಕ್ಕಟ್ಟುತ್ತಾನೆ. ಮಿಲೋನ ಅಂಗಿಯ ಸಂಖ್ಯೆ ಎಪ್ಪತ್ತಾರು; ನಾಲ್ಕು ವರ್ಷದಿಂದ ಅದನ್ನು ಹಾಗೆ ಯಾರೂ ಕೂಗಿರಲಿಲ್ಲ. ಮಿಲೋನ ಹೆಮ್ಮೆ ಅದೊಂದೇ. ಅವನ ಊರಿನ ಹೆಂಡದಂಗಡಿಯಲ್ಲಿ, "ನಮ್ಮ ಮಿಲೋ ಕೈ ಬಾವಿ ನೀರಿನಷ್ಟು ಚೊಕ್ಕಟ" ಅನ್ನುವ ಧಾಟಿಯಲ್ಲಿ ಮುದುಕರು ಮಾತಾಡುತ್ತಿದ್ದರು.

ಆಟದ ದಿನ ಬಟ್ಟೆ ಕೋಣೆಯಲ್ಲಿ ಒಂದು ರೂಢಿ. ಎದುರಾಳಿಯ ಉಗುರಿಗೂ ಸಿಗದ ಹಾಗೆ ಅಂಗಿಯನ್ನು ಬಿಗಿಯಾಗಿ ಹೊಲಿಸಿ, ಒಳಗೆ ಭುಜ ಕಾಯುವ ಮೆತ್ತೆಗೆ ಎರಡೂ ಬದಿ ಅಂಟಿರುವ ಪಟ್ಟಿ ಹಾಕಿ ಮೆತ್ತುತ್ತಾರೆ. ಒಬ್ಬನೇ ತೊಡಲಾರ. ಒಬ್ಬರಿಗೊಬ್ಬರು ಎಳೆದು ತೊಡಿಸಬೇಕು. ಆ ವರ್ಷದ ಕೊನೆಯ ಆಟದ ಬೆಳಗ್ಗೆ, ಚೆಂಡು ಎಸೆಯುವ ರಾಡ್ನಿ ಪೆಟಿಗ್ರೂ ತಾನೇ ಮಿಲೋನ ಹತ್ತಿರ ಬಂದ. ತಿಂಗಳ ಕೆಳಗೆ ಬಿದ್ದು ಎಡಭುಜ ಮುರಿದುಕೊಂಡವನು. ವಾಸಿಯಾಯಿತೆಂದು ಹೇಳಿ ಮರಳಿದ್ದ. ಮಿಲೋ ಅಂಗಿ ತೊಡಿಸಲು ಹೋದರೆ ಎಡಗೈ ಎದೆಯಿಂದ ಮೇಲೆ ಏಳಲೇ ಇಲ್ಲ.

"ಇದೇನೋ ಇದು? ಡಾಕ್ಟ್ರಿಗೆ ಗೊತ್ತಾ?"

"ಅವರು ಬಗ್ಗಿ ನೋಡ್ದಾಗ ಹಲ್ಲು ಕಚ್ಕೊಂಡು ಎತ್ತಿದ್ದೆ. ಇವತ್ತು ಗೆದ್ರೆ ಮುಂದಿನ ಸುತ್ತು ಕಣೋ ಮಿಲೋ. ಬಾಯಿ ಬಿಡ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ."

"ಬೀಳ್ಬೇಡಪ್ಪ, ಬಿದ್ರೆ ಆ ಕೈಲಿ ಮತ್ತೆ ಏಳಲ್ಲ ನೀನು," ಎಂದು ಮಿಲೋ ತೋಳು ನೋಯದ ಹಾಗೆ ಮೆಲ್ಲಗೆ ಅಂಗಿ ಇಳಿಸಿದ. ಬಾಯಿ ಬಿಡುವುದಿಲ್ಲವೆಂದು ಮಾತೂ ಕೊಟ್ಟ. ಆ ಭುಜಕ್ಕೆ ಇನ್ನೊಂದು ಏಟು ಬಿದ್ದರೆ ರಾಡ್ನಿ ಮಗುವನ್ನು ಎತ್ತಿಕೊಳ್ಳಲೂ ಆಗದವನಾಗುತ್ತಾನೆ. ಏಟು ಬರುವುದಿದ್ದರೆ ತನ್ನನ್ನು ದಾಟಿಯೇ ಬರಬೇಕು.

ಮೈದಾನದಲ್ಲಿ ಮಿಲೋನ ಎದುರಿಗೆ ನಿಂತವನು ಡಾಂಟೆ ಮೇಕನ್, ಇಪ್ಪತ್ಮೂರರ ಹುರಿಗಟ್ಟಿದ ಹುಡುಗ, ಚಿರತೆಯ ಕಾಲು. ಮೊದಲ ಸಲ ಬಗ್ಗಿ ನಿಂತಾಗಲೇ ಕೆಣಕಿದ: "ತಾತಾ, ಮೊಣಕಾಲು ಕಿರ್ರನ್ತಿದೆ. ಎಣ್ಣೆ ಬಿಡ್ಸಬಾರ್ದಾ?"

"ನಿಮ್ಮಪ್ಪನ ಕಾಲಕ್ಕೂ ಹೀಗೇ ಕಿರ್ರಂತಿತ್ತು ಮಗಾ. ಆಗ್ಲೂ ಯಾರೂ ದಾಟ್ಲಿಲ್ಲ."

ಪಕ್ಕದಲ್ಲಿದ್ದ ಫೇಟು ಲಿಯಾವಾ, ಸಮೋವಾ ದ್ವೀಪದ ಮನೆತನದ ದೈತ್ಯ, ಗೋಡೆಯಲ್ಲಿ ಮಿಲೋನ ಬಲಕ್ಕೆ ನಿಲ್ಲುವ ಜೊತೆಗಾರ, "ಮಾತು ಸಾಕು, ದಮ್ಮು ಉಳಿಸ್ಕೋ ಮುದುಕಪ್ಪ," ಎಂದು ನಕ್ಕ.

ನಾಲ್ಕರಲ್ಲಿ ಮೂರು ಪಾಲು ಆಟ ಮಿಲೋ ಕರಾರುವಾಕ್ಕಾಗಿ ತಡೆದ. ಮೇಕನ್ ಹೊರಗಿನಿಂದ ಸುತ್ತಿ ಬಂದರೆ ಅಲ್ಲೇ ಸಿಕ್ಕ, ಎದೆಗೆ ಗುದ್ದಿ ಬಂದರೆ ಅಲ್ಲೂ ಸಿಕ್ಕ. ಕೊನೆಗೆ ಎರಡೇ ಅಂಕದ ಹಿನ್ನಡೆ, ನಿಮಿಷಕ್ಕೂ ಕಡಿಮೆ ಹೊತ್ತು. ಇನ್ನೊಂದಿಷ್ಟು ಗಜ ಮುಂದೆ ಹೋದರೆ ಒದೆಯುವವನು ಚೆಂಡನ್ನು ಕಂಬಗಳ ನಡುವೆ ದಾಟಿಸಿ, ಮೂರಂಕ ತಂದು ಗೆಲ್ಲಿಸುತ್ತಾನೆ.

ಚೆಂಡು ರಾಡ್ನಿಯ ಕೈಗೆ ಬಂತು. ದಣಿದ ಕಾಲನ್ನು ನಂಬಲಾರದೆ ಮಿಲೋ ಹೊರಗಡೆಗೆ ಒಂದು ಹೆಜ್ಜೆ ಹೆಚ್ಚಾಗಿಯೇ ಇಟ್ಟ. ವಯಸ್ಸಾದ ಗೋಡೆಯವರು ಮಾಡುವ ತಪ್ಪೇ ಅದು: ಹುಡುಗರ ಓಟಕ್ಕೆ ಹೆದರಿ ಹೊರಬಾಗಿಲು ಕಾಯಲು ಹೋಗಿ ಒಳಬಾಗಿಲು ತೆರೆದಿಡುವುದು. ಮೇಕನ್‌ಗೆ ಅಷ್ಟೇ ಸಾಕಾಯಿತು. ಭುಜ ತಗ್ಗಿಸಿ ಒಳಗಿನಿಂದ ನುಸುಳಿದ. ಮುಂದೆ ರಾಡ್ನಿಯ ಬೆನ್ನು. ಎಡಭುಜ ಇವನ ಕಡೆಗೇ.

ಇಂಥ ಹೊತ್ತಿಗೆ ಗೋಡೆಯವರಿಗೆ ಕಲಿಸುವ ಪಾಠ ಒಂದೇ: ಸೋತೆಯಾ, ಕೈ ಬಿಡು. ಎಸೆಯುವವನು ಬಿದ್ದರೂ ಎದ್ದುಕೊಳ್ಳುತ್ತಾನೆ, ದಂಡದ ಹತ್ತು ಗಜ ಉಳಿಯುತ್ತದೆ. ಮಿಲೋನ ಕೈ ಬಿಡಲಿಲ್ಲ. ಆ ಸೊಟ್ಟ ಬೆರಳುಗಳು ಮೇಕನ್‌ನ ಕೊರಳ ಹಿಂದಿನ ಅಂಗಿಗೆ ಕೊಕ್ಕೆಯಾಗಿ ಬಿದ್ದವು. ಇಬ್ಬರೂ ಕಡಿದ ಮರದಂತೆ ಉರುಳಿದರು. ಇಡೀ ಮೈದಾನಕ್ಕೆ ಕಾಣುವ ಹಾಗೆ ಹಿಡಿದಿದ್ದ, ಕುರುಡನಿಗೂ ಕಾಣುವ ಹಾಗೆ. ಅತ್ತ ರಾಡ್ನಿಯ ಚೆಂಡು ಇಪ್ಪತ್ತು ಗಜದಾಚೆ ಜೊತೆಗಾರನ ಕೈ ಸೇರಿತು. ಜನ ಎದ್ದು ಕುಣಿದರು. ಕುಣಿತ ನಿಲ್ಲುವ ಮುಂಚೆ ಹಳದಿ ಬಟ್ಟೆ ನೆಲಕ್ಕೆ ಬಿತ್ತು.

"ಹಿಡಿದದ್ದು! ಎಪ್ಪತ್ತಾರು!"

ಆ ಎಸೆತದಲ್ಲಿ ಗಳಿಸಿದ್ದೆಲ್ಲ ರದ್ದಾಗಿ ತಂಡ ಹತ್ತು ಗಜ ಹಿಂದೆ ಹೋಯಿತು. ಅಷ್ಟು ದೂರದಿಂದ ಒದ್ದ ಚೆಂಡು ಕಂಬ ಮುಟ್ಟದೆ ಸತ್ತುಬಿತ್ತು. ಸೋತರು. ಹದಿಮೂರು ವರ್ಷ ಹೆಸರು ಹಿಡಿದು ಕೂಗದ ಜನ, ಅವನು ಒಳಗೆ ಹೋಗುವಾಗ ಹೆಸರು ಹಿಡಿದೇ ಬೈದರು.

ಮರುದಿನ ತಂಡವೆಲ್ಲ ಕೂತು ಆಟದ ಚಿತ್ರ ನೋಡುವಾಗ, ತರಬೇತುದಾರ ಬೂನ್ ಆ ಗಳಿಗೆಯನ್ನು ಪರದೆಯ ಮೇಲೆ ನಿಲ್ಲಿಸಿದ.

"ಮಿಲೋ, ಹಸುಗೂಸಿಗೂ ಗೊತ್ತಿರೋದು ಇದು. ಯಾಕೆ ಬಿಡ್ಲಿಲ್ಲ?"

ನಿಜ ಹೇಳಿದರೆ ತನ್ನ ಹೆಸರು ಉಳಿಯುತ್ತದೆ, ಕೊಟ್ಟ ಮಾತು ಹೋಗುತ್ತದೆ. ಮಿಲೋ ನೆಲ ನೋಡಿದ. "ಕಾಲು ತಪ್ಪಾಗಿ ಇಟ್ಟೆ ಕೋಚ್. ಕೈ ಮಾತು ಕೇಳ್ಲಿಲ್ಲ."

"ಇಡೀ ವರ್ಷ ನುಂಗಿಹಾಕ್ತು ಆ ಕೈ!"

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ರಾಡ್ನಿ ಎದ್ದಿದ್ದ. "ಕೋಚ್, ಇಲ್ಲಿ ನೋಡಿ," ಎಂದು ಎಡಗೈ ಎತ್ತಿದ. ಅದು ಎದೆಯ ಮಟ್ಟಕ್ಕೆ ಬಂದು ನಿಂತಿತು. "ಇಷ್ಟೇ ಏಳೋದು. ಮುಚ್ಚಿಟ್ಟಿದ್ದು ನಾನು. ಅವನಿಗೆ ಗೊತ್ತಿತ್ತು, ನಾನೇ ಆಣೆ ಹಾಕ್ಸಿದ್ದೆ."

ಬೂನ್ ಪರದೆಯತ್ತ ತಿರುಗಿದ. ಅಲ್ಲಿ ಮೇಕನ್‌ನ ತಲೆ ರಾಡ್ನಿಯ ಭುಜಕ್ಕೆ ಒಂದು ಮೊಳ ದೂರದಲ್ಲಿತ್ತು. "ಇಬ್ರೂ ಕತ್ತೆಗಳು," ಎಂದ. "ಒಬ್ಬ ಮುಚ್ಚಿಟ್ಟ, ಇನ್ನೊಬ್ಬ ಬಾಯಿಗೆ ಬೀಗ ಹಾಕ್ಕೊಂಡ." ಆಮೇಲೆ ದನಿ ತಗ್ಗಿಸಿ, "ಆದ್ರೂ ಮಿಲೋ, ಚೆನ್ನಾಗಿ ಹಿಡಿದೆ," ಎಂದು ದೀಪ ಹಾಕಿದ.

ಆ ಚಳಿಗಾಲ ತಂಡ ಮಿಲೋನನ್ನು ಮತ್ತೆ ಕರೆಯಲಿಲ್ಲ. ಅವನೂ ಕೇಳಲಿಲ್ಲ. ರಾಡ್ನಿಗೆ ಶಸ್ತ್ರಚಿಕಿತ್ಸೆಯಾಗಿ ಕೈ ತಲೆಯ ಮೇಲಕ್ಕೆ ಏಳುವಂತಾಯಿತು. ಊರಿಗೆ ಮರಳಿದ ಮೇಲೆ ಹೆಂಡದಂಗಡಿಯ ಮುದುಕನೊಬ್ಬ, "ಎಲ್ಲಾ ಚೊಕ್ಕಟವಾಗಿತ್ತು, ಅದೊಂದು ಹಳದಿ ಬಟ್ಟೆ ಬೀಳದಿದ್ರೆ..." ಎಂದು ನಿಟ್ಟುಸಿರಿಟ್ಟ.

ಮಿಲೋ ಲೋಟ ಕೆಳಗಿಟ್ಟ. "ನಾಲ್ಕು ವರ್ಷ ಹಿಡೀದೇ ಇದ್ದದ್ದು ಕಸುಬು ಕಣಯ್ಯ. ಅವತ್ತು ಹಿಡಿದದ್ದು ನಾನು."